ಔಷಧಿಯೋ ಉಪ್ಪುನೀರೋ

ಮುಚ್ಚಿದ್ದನ್ನು ತೆರೆದು ನೋಡದಿದ್ದರೆ ಬೀಗ ರಿಪೇರಿಯವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅದೇ ಕಸುಬು. ಅಂಥವನ ಎಡಗಡೆಯ ಕಿಡ್ನಿಯಲ್ಲಿ ಗಡ್ಡೆ ಕಂಡು, ಡಾಕ್ಟರು ಕಿಡ್ನಿಯನ್ನೇ ತೆಗೆದುಹಾಕಿದರು. ಗಾಯ ಮಾಯುವಷ್ಟರಲ್ಲಿ ಇನ್ನೊಂದು ಮಾತು ತೆಗೆದರು.

"ಕ್ಯಾನ್ಸರ್ ಮತ್ತೆ ಬರದ ಹಾಗೆ ಮೈಯೊಳಗಿನ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸೋ ಔಷಧಿಯೊಂದನ್ನ ಪರೀಕ್ಷೆ ಮಾಡ್ತಿದ್ದೀವಿ. ಮೂರು ವಾರಕ್ಕೊಂದು ಡ್ರಿಪ್, ಒಂದು ವರ್ಷ. ಆದ್ರೆ ಅರ್ಧ ಜನಕ್ಕೆ ಔಷಧಿ, ಇನ್ನರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ."

ಸಹಿಯೇನೋ ಹಾಕಿದ. ಅಂದಿನಿಂದ ಅವನ ನೆಮ್ಮದಿ ಹಾರಿಹೋಯಿತು.

ಔಷಧಿ ಬಿದ್ದವರಲ್ಲಿ ಕೆಲವರಿಗೆ ಮೈ ತುರಿಸಬಹುದೆಂದು ಆಸ್ಪತ್ರೆಯ ಕಾಗದದಲ್ಲಿತ್ತು. ಎರಡನೇ ಡ್ರಿಪ್ಪಿನ ಮರುದಿನವೇ ಅವನ ಕತ್ತು ತುರಿಸಿತು. "ಬಂತು ಕಣೇ!" ಎಂದು ಹೆಂಡತಿಯ ಮುಂದೆ ಕುಣಿದ.

ಅವಳು ಕಾಲರ್ ಮಗುಚಿ ನೋಡಿದಳು. "ಹೊಸ ಅಂಗಿ ಚೀಟಿ ಕತ್ತರಿಸದೆ ಹಾಕ್ಕೊಂಡಿದ್ದೀರಲ್ಲ, ತುರಿಸದೆ ಇನ್ನೇನಾಗುತ್ತೆ?"

ಆರನೇ ಸಲ ಹೋದಾಗ ನರ್ಸಮ್ಮನ ಕಬ್ಬಿಣದ ಕಪಾಟಿನಲ್ಲಿ ಕೀಲಿಕೈ ಮುರಿದು ಸಿಕ್ಕಿಕೊಂಡಿತ್ತು. "ಅಣ್ಣ, ದೇವರು ಕಳಿಸಿದ ಹಾಗೆ ಬಂದ್ರಿ!" ಎಂದರು ನರ್ಸಮ್ಮ. ಯಾರಿಗೆ ಔಷಧಿ, ಯಾರಿಗೆ ಉಪ್ಪುನೀರು ಎಂಬ ಪಟ್ಟಿ ಇದರೊಳಗೇ ಇರಬೇಕೆಂದು ಇವನ ಎದೆ ಡವಡವ ಹೊಡೆದುಕೊಂಡಿತು. ಎರಡು ನಿಮಿಷದ ಬೀಗಕ್ಕೆ ಕಾಲು ಗಂಟೆ ಹಿಡಿಯಿತು. ಬಾಗಿಲು ತೆರೆದರೆ ಒಳಗೆ ಖಾಲಿ ಫಾರಂಗಳು, ಒಂದು ಸ್ವೆಟರ್, ಅರ್ಧ ತಿಂದಿಟ್ಟ ಬಿಸ್ಕತ್ತಿನ ಪೊಟ್ಟಣ.

ಅವನ ಜೋಲುಮೋರೆ ನೋಡಿಯೇ ನರ್ಸಮ್ಮನಿಗೆ ಗೊತ್ತಾಯಿತು. "ಆ ಪಟ್ಟಿ ಎಲ್ಲೋ ದೂರದ ಕಂಪ್ಯೂಟರಲ್ಲಿದೆ ಅಣ್ಣ. ತಗೊಳ್ಳಿ, ಬಿಸ್ಕತ್ತು ತಿನ್ನಿ."

ವರ್ಷ ತುಂಬಿತು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಅದರ ಮುಂದಿನ ವರ್ಷವೂ ಇರಲಿಲ್ಲ. ತನಗೆ ಬಿದ್ದದ್ದು ಅಪ್ಪಟ ಔಷಧಿಯೇ, ನೆಗಡಿ ಕೂಡ ಹತ್ತಿರ ಸುಳಿಯುತ್ತಿಲ್ಲ ಎಂದು ಬೀದಿಗೆಲ್ಲ ಡಂಗುರ ಸಾರಿದ.

ಪರೀಕ್ಷೆ ಪೂರ್ತಿ ಮುಗಿದ ಮೇಲೆ ಡಾಕ್ಟರು ಕರೆಸಿದರು. "ಔಷಧಿ ತಗೊಂಡವರಲ್ಲಿ ಕಾಯಿಲೆ ಮರಳಿದ್ದು ಕಡಿಮೆ. ನಿಮಗೆ ಕೊಟ್ಟಿದ್ದು ಮಾತ್ರ ಉಪ್ಪುನೀರು."

ಇವನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಹಾಗಾದ್ರೆ ನಾನು ವರ್ಷವಿಡೀ ಚುಚ್ಚಿಸಿಕೊಂಡದ್ದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಾ ಸಾರ್?"

"ಯಾಕಾಗುತ್ತೆ? ಔಷಧಿ ತಗೊಂಡವರನ್ನ ತಗೊಳ್ಳದವರ ಪಕ್ಕ ಇಟ್ಟು ನೋಡಿದ್ರೆ ತಾನೇ ಅದು ಕೆಲಸ ಮಾಡ್ತೋ ಇಲ್ವೋ ಅಂತ ತಿಳಿಯೋದು? ನಾಳೆ ಬರೋ ರೋಗಿಗೆ ಅದನ್ನ ನಾನು ಧೈರ್ಯವಾಗಿ ಕೊಡೋದು ನಿಮ್ಮಂಥವರಿಂದಲೇ."

ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಮೆಲ್ಲಗೆ, "ಈ ಮಾತನ್ನ ನನ್ನ ಹೆಂಡತಿಗೆ ಫೋನಲ್ಲಿ ಒಂದು ಸಲ ಹೇಳ್ತೀರಾ ಸಾರ್? ನಾನು ಹೇಳಿದ್ರೆ ನಂಬಲ್ಲ," ಎಂದ.

ಡಾಕ್ಟರು ನಗುತ್ತಲೇ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದರು. "ಅದೆಲ್ಲ ಇರಲಿ ಡಾಕ್ಟ್ರೇ," ಎಂದಳು ಅವಳು, "ಆಸಾಮಿ ಗಟ್ಟಿಯಾಗಿದ್ದಾರಲ್ಲ?" ಅವಳ ದನಿ ನಡುಗಿದ್ದು ಮೇಜಿನ ಈಚೆ ಕುಳಿತವನಿಗೂ ಕೇಳಿಸಿತು.