ಬೆಳಕಿಂಡಿಯ ಬಿಸಿಲು

ಆಗ ನಮ್ಮ ರಾಯದುರ್ಗಕ್ಕೆ ಮದ್ರಾಸೇ ರಾಜಧಾನಿ. ನಮ್ಮ ಓಣಿಗೆ ಕರೆಂಟು ಬಂದಿರಲಿಲ್ಲ. ಮಣ್ಣಿನ ಮಾಳಿಗೆಯ ಮನೆಗಳಿಗೆ ಹಗಲಿನ ದೀಪವೆಂದರೆ ಬೆಳಕಿಂಡಿ. ಸೂರಿನಲ್ಲಿ ಮೊಳದಗಲದ ಒಂದು ತೂತು, ಮಳೆ ಬಂದರೆ ಅದರ ಮೇಲೊಂದು ಚಪ್ಪಡಿ, ಅಷ್ಟೇ. ಅಲ್ಲಿಂದ ಇಳಿಯುವ ಬಿಸಿಲುಕೋಲಿನಲ್ಲಿ ಕುಣಿಯುವ ಧೂಳನ್ನು ಮುಷ್ಟಿಯಲ್ಲಿ ಹಿಡಿಯಲು ಹೋಗಿ ಅಪ್ಪನಿಂದ ಎಷ್ಟು ಬೈಸಿಕೊಂಡಿದ್ದೇನೋ! ಅದೇ ಪಡಸಾಲೆಯಲ್ಲಿ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಅಪ್ಪನ ಕುಣಿಮಗ್ಗವಿತ್ತು. ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ ಮನೆಗೆಲ್ಲ ಅಡರಿರುತ್ತಿತ್ತು.

ಗಡಿಯಾರವಿರಲಿಲ್ಲ, ಅಜ್ಜಿ ಇದ್ದಳು. ಕಂಬಕ್ಕೆ ಒರಗಿ, ಕಾಲು ಚಾಚಿ, ರಾಟೆ ತಿರುಗಿಸುತ್ತ ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ನಡುವೆ ತಟ್ಟನೆ, "ಹೊತ್ತಾತವ್ವ, ರೊಟ್ಟಿಗೆ ಹಿಟ್ಟು ಕಲಸು" ಎನ್ನುವಳು. ಒಂದು ದಿನವೂ ತಪ್ಪಿದ್ದಿಲ್ಲ.

"ಅತ್ತಿ ಗಡಿಯಾರ ನುಂಗ್ಯಾರ ನೋಡು" ಎಂದು ಅವ್ವ ನಗುತ್ತಿದ್ದಳು.

ಗುಟ್ಟು ಗೊತ್ತಿದ್ದದ್ದು ಎಂಟು ವರ್ಷದ ನನಗೊಬ್ಬಳಿಗೇ. ಅಜ್ಜಿಯ ಎರಡೂ ಕಣ್ಣು ಹೋಗಿದ್ದವು. ಬಿಸಿಲು ಪಾದ ಮುಟ್ಟಿದಾಗ, ಮೊಣಕಾಲಿಗೆ ಏರಿದಾಗ, ಕಾಲು ಬಿಟ್ಟು ಸರಿದಾಗ, ಆ ಕಾವಿನಿಂದಲೇ ಅವಳಿಗೆ ಹೊತ್ತು ತಿಳಿಯುತ್ತಿತ್ತು. ಕೆಂಪು ನೂಲು ಬಲಕ್ಕೆ, ಕಪ್ಪು ಎಡಕ್ಕೆ ಇಟ್ಟುಕೊಡುವುದು ನನ್ನ ಕೆಲಸ.

"ಬಾಯಿ ಬಿಟ್ಟೀಯಂದ್ರ ನನ್ನಾಣೆ ನೋಡು" ಎಂದಿದ್ದಳು. "ಕುರುಡಿ ಅಂತ ಗೊತ್ತಾದ್ರ ರಾಟೆ ಕಿತ್ಕಂಡು ಮೂಲ್ಯಾಗ ಕುಂದ್ರಸ್ತಾರ. ಕೆಲಸಿಲ್ಲದ ಮುದುಕಿ ಕೂಳಿಗೆ ದಂಡ."

ಆಣೆ ಮುರಿದರೆ ಅಜ್ಜಿ ಸತ್ತೇಹೋಗುತ್ತಾಳೆಂದು ನಾನು ನಂಬಿದ್ದೆ.

ಆ ವರ್ಷ ದೀಪಾವಳಿ ಕಳೆದು ಚಳಿ ಬಿತ್ತು. ಚಳಿಗಾಲದಲ್ಲಿ ಸೂರ್ಯ ತೆಂಕಣಕ್ಕೆ ವಾಲಿದಷ್ಟೂ ಕಿಂಡಿಯ ಬಿಸಿಲು ಬಡಗಣಕ್ಕೆ ಸರಿಯುತ್ತದೆ. ಅದರ ಹಿಂದೆಯೇ ಅಜ್ಜಿಯೂ ದಿನಕ್ಕೊಂದಿಷ್ಟು ಸರಿಯುತ್ತ ಹೋದಳು. ಚಳಿಗೆ ಹಾಗೆ ಮಾಡುತ್ತಾಳೆಂದು ಮನೆಯವರೆಲ್ಲ ಅಂದುಕೊಂಡರು. ಕೊನೆಗೆ ನಡುಮಧ್ಯಾಹ್ನದ ಬಿಸಿಲು ನೆಟ್ಟಗೆ ಮಗ್ಗದ ಮೇಲೆಯೇ ಬೀಳತೊಡಗಿತು. ಮದುವೆಯ ಸೀರೆಯೊಂದು ಮಗ್ಗದ ಮೇಲಿತ್ತು. ಕಣ್ಣು ಕುಕ್ಕಿ ಕಡಿದ ಎಳೆ ಕಾಣದೆ ಅಪ್ಪ ಎರಡು ಸಲ ತಪ್ಪಿದ. ಗೌಂಡಿ ಹನುಮಂತಪ್ಪನನ್ನು ಕರೆಸಿದ.

ಆತ ಮೇಲೆ ಕೆಳಗೆ ನೋಡಿ ಹೇಳಿದ: "ಬಿಸಿಲು ಬ್ಯಾರೆ, ಬೆಳಕು ಬ್ಯಾರೆ ರೀ. ನಿಮಗ ಬೇಕಾಗಿದ್ದು ಬೆಳಕು. ಈ ಕಿಂಡಿ ಮುಚ್ಚಿ ಬಡಗಣ ಗ್ವಾಡಿಗೆ ಕಿಟಕಿ ಇಡಾಣು. ಎತ್ತರಕ್ಕಿಟ್ಟಷ್ಟೂ ಬೆಳಕು ಒಳಗ ದೂರ ಬರ್ತೈತೆ. ಎದುರು ಗ್ವಾಡಿಗೆ ಸುಣ್ಣ ಹೊಡೀರಿ, ಅದೇ ಬೆಳಕು ಎರಡು ಸಲ ದುಡೀತೈತೆ."

ಅವನ ಮಾತಿನಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಅಜ್ಜಿಯ ರಾಟೆ ಮಾತ್ರ ನಿಂತಿತು.

"ಇರಲಿ ಬಿಡೋ ಮಗಾ. ನಿಮ್ಮಪ್ಪ ಇಟ್ಟ ಕಿಂಡಿ."

"ಸೀರೆ ಕೆಟ್ರ ಏನ್ ಮಾಡ್ಲಿ ಯವ್ವಾ?"

ಅಜ್ಜಿ ನನ್ನ ಕಡೆ ಮುಖ ತಿರುಗಿಸಿದಳು. ಮಾತು ನಾಲಿಗೆಯ ತುದಿಗೆ ಬಂತು. ಆಣೆ ನೆನಪಾಗಿ ನುಂಗಿಕೊಂಡೆ.

ಮೂರು ದಿನ ಮನೆಯಲ್ಲೆಲ್ಲ ಹಸಿ ಸುಣ್ಣದ ವಾಸನೆ. ನಾಲ್ಕನೆಯ ದಿನ ಪಡಸಾಲೆ ಹೇಗೆ ಬೆಳಗಿತೆಂದರೆ, ಮೂಲೆಯಲ್ಲಿ ಕೂತೂ ಸೂಜಿಗೆ ದಾರ ಪೋಣಿಸಬಹುದಿತ್ತು. ಓಣಿಯವರೆಲ್ಲ ಬಂದು ನೋಡಿಹೋದರು. ನಾನಂತೂ ಅಜ್ಜಿಯ ಪಕ್ಕದಲ್ಲಿರುವುದನ್ನು ಬಿಟ್ಟು, ಅಂಗಳದಲ್ಲಿ ಗೆಳತಿಯರೊಂದಿಗೆ ಗಜ್ಜುಗ ಆಡುತ್ತ ನಮ್ಮ ಕಿಟಕಿಯ ಬಡಾಯಿ ಕೊಚ್ಚುತ್ತಿದ್ದೆ. ಥೂ, ನನ್ನ ಬುದ್ಧಿಗಿಷ್ಟು!

ಒಳಗೆ ಅಜ್ಜಿಗೆ ಜೊಂಪು ಹತ್ತಿತ್ತಂತೆ. ಎಚ್ಚರವಾದಾಗ ಪಾದದಡಿಯ ನೆಲ ತಣ್ಣಗಿತ್ತು; ಕಿಂಡಿ ಮುಚ್ಚಿದ್ದು ಆ ಮಂಪರಿನಲ್ಲಿ ಮರೆತೇಹೋಗಿತ್ತು. ಮನೆಗೆ ಹೊತ್ತು ಹೇಳುವವಳು ತಾನಲ್ಲವೇ? ಎಂದಿನ ಗತ್ತಿನಲ್ಲೇ ಹೇಳಿದಳು: "ಹೊತ್ತು ಮುಳುಗ್ತು. ದೀಪ ಹಚ್ಚವ್ವ."

ಆಗ ನಡುಮಧ್ಯಾಹ್ನ. ತಮಾಷೆಯೆಂದು ಅವ್ವ ಮೊದಲು ನಕ್ಕಳು. ಆಮೇಲೆ ನಗು ನಿಂತಿತು, ಮಗ್ಗದ ಸದ್ದೂ ನಿಂತಿತು. ಆ ಸದ್ದು ನಿಂತದ್ದಕ್ಕೇ ನಾನು ಒಳಗೋಡಿದೆ. ಅಪ್ಪ ಕುಣಿಯಿಂದೆದ್ದು ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಕಣ್ಣೆದುರು ಕೈಯಾಡಿಸುತ್ತಿದ್ದ.

"ಯಾವಾಗಿಂದ ಯವ್ವಾ?"

"ಬಿಸಿಲು ಕಾಲಿಗೆ ತಾಗಿದ್ರ ಹೊತ್ತು ತಿಳೀತಿತ್ತೋ. ಕಂಡಿಕೆ ನೆಟ್ಟಗೇ ಸುತ್ತೀನಲ್ಲೋ, ರಾಟೆ ಕಿತ್ಕಬ್ಯಾಡ" ಎಂದಳು ಅಜ್ಜಿ.

"ನಾನು ಹೇಳಿಲ್ಲ ಅಜ್ಜಿ, ನಿನ್ನಾಣೆಗೂ ಹೇಳಿಲ್ಲ" ಎಂದು ನಾನು ಹೋ ಎಂದು ಅತ್ತೆ.

ಅಪ್ಪ ಹಾರೆ ಹಿಡಿದು ಮಾಳಿಗೆ ಹತ್ತಿದ. ಧಡಧಡ ಮಣ್ಣು ಉದುರಿತು. ಬಿಸಿಲು ಇಳಿದು ಮತ್ತೆ ಸೀರೆಯ ಮೇಲೆ ಬಿತ್ತು. ಕೆಳಗೆ ಬಂದವನು ಅಜ್ಜಿಯನ್ನು ಎತ್ತಿ, ಅವಳ ಕಾಲಿಗೆ ಆ ಬಿಸಿಲು ತಾಗುವಂತೆ ಕೂರಿಸಿದ.

"ಮಗ್ಗಕ್ಕ ಬಿಸಿಲು ಬಂದಾಗ ನಾನು ಉಣ್ತೀನಿ. ರಾಟೆ ನಿಂದೇ ಯವ್ವಾ, ಯಾರೂ ಕಿತ್ಕಳ್ಳಲ್ಲ."

ಯಾರೂ ಕಿತ್ತುಕೊಳ್ಳಲಿಲ್ಲ. ಸಾಯುವತನಕ ಅಜ್ಜಿಯೇ ಕಂಡಿಕೆ ಸುತ್ತಿದಳು. ಆದರೆ ಅಂದಿನಿಂದ ಒಮ್ಮೆಯೂ ತಾನಾಗಿ ಹೊತ್ತು ಹೇಳಲಿಲ್ಲ. ಅವ್ವ ಬೇಕೆಂದೇ, "ಹೊತ್ತೆಷ್ಟಾತ್ರಿ ಅತ್ತಿ?" ಎಂದು ಕೇಳುತ್ತಿದ್ದಳು.

"ನಿಮಗ ಕಣ್ಣೈತಲ್ಲವ್ವ. ನೋಡ್ಕಳ್ರಿ."

ಆ ಮನೆ ಬಿದ್ದು, ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಎದ್ದು ಎಷ್ಟೋ ಕಾಲವಾಯಿತು. ಮಗ್ಗವಿಲ್ಲ, ರಾಟೆಯಿಲ್ಲ, ನೆತ್ತಿಯ ಮೇಲೆ ಕಿಂಡಿಯಿಲ್ಲ. ನನಗೀಗ ಆಗಿನ ಅಜ್ಜಿಗಿಂತಲೂ ಹೆಚ್ಚು ವಯಸ್ಸು, ಕಣ್ಣು ಮಂಜಾಗಿದೆ. ಒಮ್ಮೊಮ್ಮೆ ಸುಮ್ಮನೆ ಕಾಲು ಚಾಚಿ ಕೂರುತ್ತೇನೆ. ನೆಲ ತಣ್ಣಗಿರುತ್ತದೆ.

"ಬಿಸಿಲು ಎಲ್ಲಿಗೆ ಬಂತವ್ವಾ?" ಎಂದು ಕೇಳಿದರೆ ಮೊಮ್ಮಗಳು ಓಡಿಬಂದು ಗುಂಡಿ ಒತ್ತುತ್ತಾಳೆ.

"ಲೈಟ್ ಹಾಕೀನಜ್ಜಿ, ಈಗ ಕಾಣ್ತೈತಾ?"

ಕಾಣ್ತೈತೆ ತಾಯಿ. ನಾನು ಕೇಳಿದ್ದು ಬಿಸಿಲನ್ನ.