ಹುಲಿಗೆವ್ವನ ಮಗ ಕಟ್ಟಿದ ಹಾಡು

ಬೆಂಕಿಗೆ ಕಾಯಿಸಿದ ಹಲಗೆಯ ಚರ್ಮದ ವಾಸನೆ ಎಲ್ಲಿ ಬಂದರೂ ನನಗೆ ಅದು ಮಧ್ಯಾಹ್ನದ ನಾಲ್ಕೂಕಾಲು ಗಂಟೆ. ರಾಯಚೂರಿನ ನಮ್ಮ ಮಣ್ಣಿನ ಮಾಳಿಗೆಯ ಮನೆಯಂಗಳದಲ್ಲಿ ಸೋದರಮಾವ ಯಲ್ಲಪ್ಪ ಹತ್ತಿಕಟ್ಟಿಗೆಯ ಉರಿಗೆ ಹಲಗೆ ಹಿಡಿದು, ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದ. ನಾನು ಆಗಷ್ಟೇ ಕಾಲೇಜಿನಿಂದ ಬಂದಿದ್ದೆ. ಬಾಗಿಲಿಗೆ ಜೀಪೊಂದು ಬಂದು ನಿಂತಿತು.

"ಹುಲಿಗೆವ್ವನ ಮಗ ಯಾವನಲೇ?"

ಜೋಳ ಕೇರುತ್ತಿದ್ದ ಅಜ್ಜಿ ತಲೆಯೆತ್ತಲಿಲ್ಲ. "ಹುಲಿಗೆವ್ವ ನಾನs ರೀ. ಮೂರು ಮಂದಿ ಹಡದೀನಿ. ಯಾವನು ಬೇಕು?"

"ಹಾಡ ಕಟ್ಟಾವ."

ಯಾಕೆ ಬಂದರೆಂದು ನಮಗೆ ಗೊತ್ತಿತ್ತು. ದೇವದುರ್ಗದ ಕಡೆಯ ಒಂದೂರಿನ ಹೋಟೆಲಿನಲ್ಲಿ ನಮ್ಮವರ ಚಹಾದ ಗ್ಲಾಸುಗಳನ್ನು ಹೊರಗೆ ಬೇಲಿಗೆ ಸಿಕ್ಕಿಸಿಡುತ್ತಿದ್ದರು. ಮಾವ ಅದರ ಮೇಲೆ ಹಾಡು ಕಟ್ಟಿದ್ದ: "ನಾವು ಬೆಳದ ಜ್ವಾಳ ಒಳಗ ಇಟಗೊಂಡ್ರಿ, ನಮ್ಮ ಗಲಾಸ ಯಾಕ ಬೇಲಿಗಿ ಹಾಕೀರಿ?" ಮದುವೆಯಿರಲಿ, ತೊಟ್ಟಿಲಿರಲಿ, ಜನ ಅದನ್ನೇ ಕೇಳುತ್ತಿದ್ದರು. ಕಟ್ಟಿದವನು ಕೊನೆಯ ಸಾಲಿನಲ್ಲಿ ಹೆತ್ತವಳ ಹೆಸರು ಹಾಕುವುದು ನಮ್ಮ ಹಾಡುಗಾರರ ಪದ್ಧತಿ. ಹೆಸರಿಲ್ಲದ್ದನ್ನು ಕದ್ದ ಹಾಡು ಎನ್ನುತ್ತಿದ್ದರು. "ಹುಲಿಗೆವ್ವನ ಮಗ ಹೇಳ್ಯಾನ ಕೇಳ್ರಿ" ಎಂಬ ಆ ಸಾಲೇ ಹೋಟೆಲಿನ ಕಡೆಯವರ ಜೀಪಿಗೆ ನಮ್ಮ ಮನೆ ತೋರಿಸಿತ್ತು.

ಮಾವ ಎದ್ದು ನಿಂತ. ಜೀಪಿನವನು ಬಿಸಿಯಾಗಿ ಬಿಗಿದಿದ್ದ ಹಲಗೆ ಕಸಿದು ಚೂರಿಯಿಂದ ಅಡ್ಡ ಸೀಳಿದ. "ನಿಮ್ಮವ್ವನ ಹೆಸರಿಲೆ ಈ ಹಾಡು ಇನ್ನೊಮ್ಮಿ ಕೇಳಿತಂದ್ರ, ಸೀಳೋದು ನಿನ್ನ ಗಂಟಲ." ಆ ಚರ್ಮ ಹರಿದ ಸದ್ದು ಈಗಲೂ ಪಾಠ ಮಾಡುವಾಗ, ಊಟಕ್ಕೆ ಕೂತಾಗ ಕೇಳಿಸಿಬಿಡುತ್ತದೆ.

ಅಂದಿನಿಂದ ಮನೆಯಲ್ಲಿ ನಿದ್ದೆಯಿರಲಿಲ್ಲ. ಮಾನ್ವಿ ಬಸ್ಸಿನಲ್ಲಿ ಮಾವನನ್ನು ಕುರ್ಡಿಗೆ, ಅಜ್ಜಿಯ ತಂಗಿ ಮಾನಮ್ಮನ ಮನೆಗೆ ಕರೆದೊಯ್ದೆ. ಅವನ ಹಟ ಹಾಗೇ ಇತ್ತು. "ಅವ್ವನ ಹೆಸರು ತಗದ್ರ ನಾನು ಕಳ್ಳ ಆಗತೀನಿ, ಚಿಗವ್ವ. ಹಾಡತೀನಿ, ಬಂದ್ರ ಬರಲಿ."

"ಸುಮ್ಮಕಿರಲೇ. ನಿನ್ನ ಗಂಟಲಕಿಂತ ನನ್ನ ಬಾಯಿ ದೊಡ್ಡದದ," ಎಂದಳು ಮಾನಮ್ಮ.

ಮರುದಿನ ಹತ್ತಿಹೊಲದ ಕಳೆ ತೆಗೆಯುತ್ತ ಅವಳು ಅದೇ ಹಾಡು ಎತ್ತಿದಳು. ಕೊನೆಗೆ ಮಾತ್ರ "ದುರುಗವ್ವನ ಮಗಳು ಹೇಳ್ಯಾಳ" ಎಂದಳು. ಪಕ್ಕದ ಸಾಲಿನವಳು ತನ್ನ ತಾಯಿಯ ಹೆಸರು ಹಾಕಿದಳು, ಅದರಾಚೆಯವಳು ತನ್ನ ತಾಯಿಯದು. ಕಳೆ ತೆಗೆಯಲು ಊರೂರಿಗೆ ಹೋಗುವ ಹೆಂಗಸರ ಜೊತೆ ಹಾಡು ಮಸರಕಲ್ಲಿಗೂ ಮಟಮಾರಿಗೂ ಹೋಯಿತು, ಹೋದಲ್ಲೆಲ್ಲ ಬೇರೆ ತಾಯಂದಿರನ್ನು ಪಡೆಯಿತು.

ಜೀಪು ಕುರ್ಡಿಗೂ ಬಂತು. ಮಾವ ಮಾನಮ್ಮನ ಮನೆಯೊಳಗಿದ್ದ, ನಾನು ಬದುವಿನ ಮೇಲೆ ನಿಂತಿದ್ದೆ.

"ಇದು ಹುಲಿಗೆವ್ವನ ಮಗ ಕಟ್ಟಿದ ಹಾಡs ಅಲ್ಲೇನು?"

"ನಂದs ರೀ," ಎಂದಳು ಮಾನಮ್ಮ.

"ಸುಳ್ಳು ಹೇಳತಾಳ್ರೀ ಮುದುಕಿ, ನಂದು!"

"ಅಯ್ಯ, ಸುಮ್ಮನಿರಬೇ, ನಂದದು!"

"ಎಲ್ಲಾರನೂ ಕರಕೊಂಡು ಹೋಗ್ರೆಪಾ," ಮಾನಮ್ಮ ಕುಡುಗೋಲು ಹಿಡಿದೇ ಎದ್ದಳು. "ನಾವು ಜೀಪು ಹತ್ತೇ ಇಲ್ಲ."

ಹೊಲಕ್ಕೆ ಹೊಲವೇ ನಕ್ಕಿತು. ಜೀಪಿನವನು ಅಷ್ಟೂ ಕುಡುಗೋಲುಗಳನ್ನು ನೋಡಿ ಜೀಪು ತಿರುಗಿಸಿದ. ಮತ್ತೆ ಬರಲಿಲ್ಲ.

ಮಾವ ಮಾತ್ರ ಅತ್ತ. "ನಮ್ಮವ್ವನ ಹೆಸರು ಹೋತಲ್ಲ, ಚಿಗವ್ವ."

"ಆಕಿ ಮಗ ಉಳದಾನಲ್ಲೋ, ಹುಚ್ಚಪ್ಪಾ."

ಆಮೇಲೂ ಅವನು ಎಷ್ಟೋ ಹಾಡು ಕಟ್ಟಿದ, ಹೆಸರೂ ಮಾಡಿದ. ಅದೊಂದನ್ನು ಮತ್ತೆ ಹಾಡಲಿಲ್ಲ. ರೇಡಿಯೊದಲ್ಲಿ "ಕಟ್ಟಿದವರು ಯಾರೋ ತಿಳಿಯದು" ಎಂದು ಅದು ಬಂದಾಗ ದನಿ ಹೆಚ್ಚಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಈಗ ಆ ಮನೆಯಿಲ್ಲ, ಅವರಲ್ಲಿ ಯಾರೂ ಇಲ್ಲ. ನೆನೆದಾಗ ನನಗೆ ಕಾಣುವುದು ಅವನು ಕುರ್ಡಿಯಿಂದ ಮರಳಿದ ರಾತ್ರಿ: ನಡುಮನೆಯಲ್ಲಿ ಸಾಲಾಗಿ ಮಲಗಿದ ಅಜ್ಜಿ, ಅವ್ವ, ಮಾವ, ನಾನು. ಕಣ್ಣು ಬಿಟ್ಟಾಗ ಬಿಸಿಲು ಒಳಗೆ ಬಂದಿತ್ತು. ಬೆಳಗಿನ ನಳದ ನೀರು ಬಂದು ನಿಂತುಹೋದದ್ದೂ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ.