ಪದ್ಮಾವತಿಯ ನೀಲಿ ಕಟ್ಟು

ಮಂಡಿ ಮೊಹಲ್ಲಾದ ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ಪದ್ಮಾವತಿಗೆ ಇಪ್ಪತ್ತೊಂದು ವರ್ಷ ಸರ್ವೀಸು. ಪ್ರೂಫ್ ನೋಡುವುದು ಅವಳೇ, ಅಚ್ಚಾಗಿ ಬಂದ ಪತ್ರಿಕೆಗಳನ್ನು ನೂರರಂತೆ ಎಣಿಸಿ ಕಟ್ಟು ಹಾಕುವುದೂ ಅವಳೇ, ಹುಡುಗಿ ಕಡೆಯವರು ಬಂದು ನಮ್ಮ ಚಿಕ್ಕಪ್ಪನ ಹೆಸರೇ ಇಲ್ಲವಲ್ಲ ಎಂದು ಜಗಳಕ್ಕೆ ನಿಂತರೆ ಕೂರಿಸಿ ಸಮಾಧಾನ ಹೇಳುವುದೂ ಅವಳೇ. ಇಷ್ಟು ಕೆಲಸ ಮಾಡುವವಳ ಬಾಯಲ್ಲಿ ದಿನವಿಡೀ ಓಡಾಡುವ ಮಾತು ಮಾತ್ರ ಒಂದೇ: ಇರ್ಲಿ ಬುಡಿ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಇರ್ಲಿ ಬುಡಿ. ಹಾಲಿನವನು ನೀರು ಬೆರೆಸಿದರೆ ಇರ್ಲಿ ಬುಡಿ. ಇಷ್ಟೊಂದು ಬಿಟ್ಟುಕೊಟ್ಟು ಇವಳಿಗೆ ಉಳಿದದ್ದಾದರೂ ಏನು ಎಂದು ನೋಡುವವರಿಗೆ ಸಿಟ್ಟು ಬರಬೇಕು, ಹಾಗೆ.

ಆ ಮಾತು ಅಪ್ಪ ಮೂಗಯ್ಯನಿಂದ ಬಂದದ್ದು. ಅವನು ನಂಜನಗೂಡು ಕಡೆಯ ಹಳ್ಳಿಯಿಂದ ಬಂದು ಇದೇ ಮಂಡಿಯಲ್ಲಿ ಮೂಟೆ ಹೊತ್ತವನು. ಹೊತ್ತದ್ದು ಈಗಿನ ಪ್ರೆಸ್ ಯಜಮಾನರಾದ ವೃಷಭೇಂದ್ರಪ್ಪನವರ ತಂದೆಯ ಅಂಗಡಿಯಲ್ಲಿ. ಬೈದರೂ ಇರ್ಲಿ ಬುಡಿ, ಬೈಯದಿದ್ದರೂ ಇರ್ಲಿ ಬುಡಿ ಎನ್ನುತ್ತಲೇ ಮುದುಕನಾದ. ಮಕ್ಕಳಿಗೆ ಅವನು ಬಿಟ್ಟುಹೋದದ್ದು ಎರಡು ಕೋಣೆಯ ಮನೆ, ಗೋಡೆಯ ಮೇಲಿನ ಬುದ್ಧನ ಪಟ ಮತ್ತು ಈ ಮಾತು. ಪುಣ್ಯಾತ್ಮ, ಮಾತೊಂದನ್ನು ಜೊತೆಗೆ ತೆಗೆದುಕೊಂಡು ಹೋಗಿದ್ದರೆ ಚೆನ್ನಾಗಿತ್ತು.

ತಮ್ಮ ಅಮರ್‌ನ ಮದುವೆ ಪತ್ರಿಕೆ ಮಾಡಿದವಳೂ ಪದ್ಮಾವತಿಯೇ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಯಿತು. ಯಾರ ಹೆಸರು ತೆಗೆದರೂ ಒಬ್ಬರಿಗೆ ಮುನಿಸು. ಅವಳು ತನ್ನ ಹೆಸರನ್ನೇ ತೆಗೆದಳು. ಅವಳಿಗೆ ಮದುವೆಯಾಗಿಲ್ಲ. ಹಾಗಾಗಿ ಲಕ್ಷಾಂತರ ಜನರ ಹೆಸರಿನ ಕೊಂಬು, ಒತ್ತಕ್ಷರ ತಿದ್ದಿದವಳ ಹೆಸರು ಒಂದು ಸಲವೂ ಅಚ್ಚಾಗಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿದವಳಲ್ಲ. ನಲವತ್ತು ದಾಟಿದ ಮೇಲೆ ಆಗಾಗ ಮನಸ್ಸಿಗೆ ಚುಚ್ಚುತ್ತಿತ್ತು, ಅಷ್ಟೇ.

ಆಟ ಅವಳಿಗೆ ಗಂಟುಬಿದ್ದದ್ದು ಕೆಲಸದ ದಾರಿಯಲ್ಲೇ. ಜಯಲಕ್ಷ್ಮಿಪುರಂನಲ್ಲಿ ಮನೋಹರ್ ಎಂಬುವರು ಸ್ಟೇಷನರಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಎಲೆ ಆಟದ ಕೋಣೆ ನಡೆಸುತ್ತಾರೆ. ಭಾನುವಾರ ಬಂತೆಂದರೆ ಕಾಲೇಜಿನವರು, ಮೆಡಿಕಲ್ ರೆಪ್‌ಗಳು, ಗೋಕುಲಂಗೆ ಯೋಗ ಕಲಿಯಲು ಬಂದ ಒಬ್ಬಿಬ್ಬರು ವಿದೇಶಿಯರು ಎಲ್ಲ ಸೇರಿ ಪಂದ್ಯ ಆಡುತ್ತಾರೆ. ಬಹುಮಾನ ಪತ್ರ ಅಚ್ಚು ಹಾಕಿಸಲು ಅವರು ಪ್ರೆಸ್ಸಿಗೆ ಬಂದಿದ್ದರು. 'ಪಂದ್ಯಾವಲಿ' ಎಂದಿದ್ದುದನ್ನು ಪದ್ಮಾವತಿ 'ಪಂದ್ಯಾವಳಿ' ಮಾಡಿ, ಭಾನುವಾರ ತಾನೇ ಹೋಗಿ ಪತ್ರಗಳನ್ನು ಕೊಟ್ಟಳು. ಅಂದು ಒಬ್ಬರು ಕಡಿಮೆ ಬಿದ್ದು ಜೋಡಿ ಕೂಡುತ್ತಿರಲಿಲ್ಲ. ಒಂದು ಕೈ ಕೂತ್ಕೊಳ್ಳಿ ಅಕ್ಕ ಎಂದು ಮನೋಹರ್ ಅವಳ ಕೈಗೊಂದು ಕಟ್ಟು ಕೊಟ್ಟರು. ಇಲ್ಲ ಎನ್ನುವ ಅಭ್ಯಾಸವೇ ಇಲ್ಲದವಳು ಕೂತಳು. ಆಮೇಲೆ ಮೂರು ವರ್ಷ ಏಳಲಿಲ್ಲ.

ಇಸ್ಪೀಟು ಎಂದುಕೊಳ್ಳಬೇಡಿ, ಅದೇ ಬೇರೆ, ಇದೇ ಬೇರೆ. ಇದರಲ್ಲಿ ಅವರವರ ಕಟ್ಟನ್ನು ಅವರವರೇ ಯೋಚಿಸಿ ಜೋಡಿಸಿಕೊಂಡು ಬರಬೇಕು. ಉಳಿದವರೆಲ್ಲ ಡೆಕ್ ಎನ್ನುತ್ತಾರೆ, ಪದ್ಮಾವತಿಗೆ ಅದು ಕಟ್ಟೇ. ಇಬ್ಬರಿಗೂ ಇಪ್ಪತ್ತು ಪ್ರಾಣ. ಸರದಿಗೊಂದು ಜಮೀನಿನ ಎಲೆ ಇಳಿಸುತ್ತ ಹೋಗಬೇಕು. ಜಮೀನು ಹೆಚ್ಚಿದಷ್ಟೂ ದೊಡ್ಡ ಎಲೆ ಇಳಿಸುವ ಶಕ್ತಿ. ಕೆಂಪು ಬಣ್ಣದವರು ಬೆಂಕಿ ಹಚ್ಚುತ್ತಾರೆ, ಹಸಿರಿನವರು ಹಂದಿ ಆನೆ ಸಾಕುತ್ತಾರೆ. ನೀಲಿಯವರ ಕೆಲಸ ತಡೆಯುವುದು. ಎದುರಿನವರು ಎಲೆ ಇಳಿಸಿದ ಗಳಿಗೆಯಲ್ಲೇ ತಡೆ ಎಲೆ ತೋರಿಸಿದರೆ ಆ ಎಲೆ ಕಸಕ್ಕೆ ಹೋಯಿತು.

ನಿಮಗೆ ನೀಲಿ ಟೆಂಪೋ ಸರಿಹೋಗುತ್ತದೆ ಎಂದು ಮನೋಹರ್ ಹೇಳಿದಾಗ, ಮಂಡಿಯಲ್ಲಿ ಬೆಳೆದವಳಿಗೆ ಕಣ್ಣಿಗೆ ಕಂಡದ್ದು ಮೂಟೆ ಸಾಗಿಸುವ ಟೆಂಪೋ. ಅವರು ಹೇಳಿದ್ದು ಆಟದ ಓಟವನ್ನು. ಮೊದಲ ಸರದಿಗಳಲ್ಲೇ ಒಂದು ಪುಟ್ಟ ಹಕ್ಕಿ ಇಳಿಸಿ ಎರಡೆರಡು ಪ್ರಾಣ ಕುಕ್ಕುತ್ತಿರಬೇಕು. ಎದುರಿನವರ ದೊಡ್ಡ ಎಲೆಯನ್ನು ಬೇಕಾದಾಗ ಮಾತ್ರ ತಡೆಯಬೇಕು. ಎಲ್ಲವನ್ನೂ ತಡೆಯುತ್ತೇನೆಂದರೆ ಎಲೆ ಸಾಲುವುದಿಲ್ಲ. ಪದ್ಮಾವತಿ ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಳು. ಮಂಡಿಯ ಗಲ್ಲಿಗೆ ಲಾರಿ ನುಗ್ಗುವ ಮೊದಲು ಟೆಂಪೋ ನುಗ್ಗಿ ಅಡ್ಡ ನಿಂತರೆ, ಲಾರಿಯವನು ಹಾರನ್ ಹೊಡೆದು ಹಿಂದೆ ತೆಗೆಯುವಷ್ಟರಲ್ಲಿ ಇವರ ಸರಕು ಇಳಿದಿರುತ್ತದೆ. ಅದೇ ತಾನೇ ಎಂದು ಕೇಳಿದಳು. ಅದೇ ಎಂದು ಮನೋಹರ್ ಒಪ್ಪಿದರು.

ಆ ಕೋಣೆಗೊಂದು ಕಟ್ಟುಪಾಡಿದೆ. ಎದುರಿನವರು ಎಲೆ ಇಳಿಸಿದಾಗ ಬಾಯಿಬಿಟ್ಟು ಹೇಳಬೇಕು. ತಡೆಯುವುದಾದರೆ 'ಇರಿ', ಬಿಡುವುದಾದರೆ 'ಇರ್ಲಿ'. ಆಡಿದ ಮಾತು ಆಡಿದ್ದೇ, ಹಿಂದಕ್ಕಿಲ್ಲ. ಈ ಕಟ್ಟುಪಾಡು ಇಡೀ ಮೈಸೂರಿನಲ್ಲಿ ಯಾರಿಗೂ ತೊಂದರೆ ಕೊಡಲಿಲ್ಲ, ಪದ್ಮಾವತಿ ಒಬ್ಬಳನ್ನು ಬಿಟ್ಟು.

ವರ್ಷಕ್ಕೊಮ್ಮೆ ಆಯ್ಕೆ ಪಂದ್ಯ. ಗೆದ್ದ ಒಬ್ಬರಿಗೆ ಬೆಂಗಳೂರಿನ ದೊಡ್ಡ ಪಂದ್ಯದಲ್ಲಿ ಜಾಗ. ಅಲ್ಲಿಗೆ ಹೋದವರ ಹೆಸರು, ಊರು ಎಲ್ಲ ಪುಸ್ತಿಕೆಯಲ್ಲಿ ಅಚ್ಚಾಗುತ್ತದೆ. ಹಿಂದಿನ ಸಲದ ಪುಸ್ತಿಕೆಯನ್ನು ಮನೋಹರ್ ತೋರಿಸಿದಾಗ ಪದ್ಮಾವತಿ ಕಾಗದದ ದಪ್ಪ ಬೆರಳಲ್ಲಿ ಮುಟ್ಟಿ ನೋಡಿದಳು. ಅಂದಿನಿಂದ ಆ ಒಂದು ಸಾಲಿನ ಮೇಲೆ ಅವಳಿಗೆ ಆಸೆ ಹುಟ್ಟಿತು. ಬೇರೇನೂ ಬೇಡ, ಹೆಸರು ಅಚ್ಚಾಗಬೇಕು.

ಹೋದ ವರ್ಷ ಕೊನೆಯ ಆಟದವರೆಗೂ ಬಂದಳು. ಎದುರಿಗೆ ಪಿಯು ಕಾಲೇಜಿನ ಗಣಿತದ ಮೇಷ್ಟ್ರು ಸಿದ್ದಲಿಂಗಸ್ವಾಮಿ. ಹಸಿರು ಕಟ್ಟಿನವರು, ಮೂವತ್ತರ ಹರೆಯ, ಬಹಳ ಮರ್ಯಾದಸ್ಥ. ಇರುವೆ ತುಳಿದರೂ ಕ್ಷಮೆ ಕೇಳುವ ಪೈಕಿ. ಪದ್ಮಾವತಿಯ ಹಕ್ಕಿ ಕುಕ್ಕಿ ಕುಕ್ಕಿ ಅವರನ್ನು ಎರಡು ಪ್ರಾಣಕ್ಕೆ ತಂದಿತ್ತು. ಇನ್ನೊಂದು ಸರದಿ ಕಳೆದರೆ ಮುಗಿಯಿತು. ಕೈಯಲ್ಲಿ ತಡೆ ಎಲೆಯೂ ಇತ್ತು. ಮೇಷ್ಟ್ರು ಆನೆ ಇಳಿಸಿದರು. ಇಳಿಸಿದವರು ಸಂಕೋಚದಿಂದ, "ತಪ್ಪು ತಿಳ್ಕೋಬೇಡಿ ಪದ್ಮಕ್ಕ, ಇದನ್ನ ಹಾಕ್ಬುಟ್ಟೆ" ಎಂದರು.

"ಅಯ್ಯೋ, ಇರ್ಲಿ ಬುಡಿ ಮೇಷ್ಟ್ರೆ" ಎಂದಳು ಪದ್ಮಾವತಿ.

ಅಂದ ಮೇಲೆ ಹೊಳೆಯಿತು. ಇಳಿದ ಗಳಿಗೆಯಲ್ಲೇ ನುಗ್ಗುವ ಆನೆ ಅದು, ಅದೇ ಸರದಿಯಲ್ಲಿ ಅವಳ ಪ್ರಾಣವೆಲ್ಲ ಹೋಯಿತು. ತೀರ್ಪು ಹೇಳಬೇಕಾದ ಮನೋಹರ್ ಮುಖ ಹಿಂಡಿಕೊಂಡು, ಮಾತು ಆಡಿಯಾಯಿತಲ್ಲ ಅಕ್ಕ ಎಂದರು. ಮೇಷ್ಟ್ರಿಗೇ ತಡೆಯದೆ, ಬೇಕಾದರೆ ವಾಪಸ್ ತಗೊಳ್ಳುತ್ತೇನೆ ಎಂದರು. ಅದಕ್ಕೆ ಈ ಮಹರಾಯಿತಿ ಹೇಳಿದ್ದೇನು ಗೊತ್ತೇ, ಇರ್ಲಿ ಬುಡಿ ಎಂದೇ. ಮೇಷ್ಟ್ರು ಬೆಂಗಳೂರಿಗೆ ಹೋದರು. ಅವರ ಹೆಸರಿದ್ದ ಪುಸ್ತಿಕೆಯನ್ನು ಅವಳು ಒಂದು ವಾರ ಬಿಚ್ಚಲಿಲ್ಲ. ಬಿಚ್ಚಿದ ದಿನ ಮನೆಯಲ್ಲಿ ಅವ್ವ ಬಸವಮ್ಮನಿಗೆ ಕಾಣದಂತೆ ಬಚ್ಚಲಿಗೆ ಹೋಗಿ ಅತ್ತಳು.

ಈ ವರ್ಷ ಅವಳು ಮಾಡಿದ ತಾಲೀಮು ಕಟ್ಟಿನದಲ್ಲ, ನಾಲಿಗೆಯದು. ಪತ್ರಿಕೆ ಎಣಿಸುವಾಗ ತೊಂಬತ್ತೊಂಬತ್ತಕ್ಕೆ ನಿಲ್ಲಿಸಿ 'ಇರಿ' ಎಂದು ತನಗೇ ಹೇಳಿಕೊಂಡು ನೂರನೆಯದನ್ನು ಇಡುತ್ತಿದ್ದಳು. ಪಕ್ಕದಲ್ಲಿ ಕವರ್ ಅಂಟಿಸುವ ಗಿರಿಜಾಂಬಾ, ಇವಳಿಗೇನೋ ಆಗಿದೆ ಎಂದು ತೀರ್ಮಾನಿಸಿದ್ದಳು.

ಆಯ್ಕೆ ಪಂದ್ಯದ ವಾರ ಬಂತು. ಮದುವೆಗಳ ಕಾಲ, ಪ್ರೆಸ್ಸಿನಲ್ಲಿ ಉಸಿರಾಡಲು ಬಿಡುವಿಲ್ಲ. ಮಂಗಳವಾರ ವೃಷಭೇಂದ್ರಪ್ಪನವರು ಅವಳ ತಲೆಯ ಮೇಲಿದ್ದ ಫ್ಯಾನನ್ನು ಹೊಸ ಮಿಷನ್ ಕಡೆಗೆ ಹಾಕಿಸಿದರು. ಇರ್ಲಿ ಬುಡಿ ಸಾರ್ ಎಂದಳು. ಗುರುವಾರ ಒಂದು ಗಂಟೆ ಹೆಚ್ಚು ನಿಲ್ಲಿಸಿಕೊಂಡರು, ಶುಕ್ರವಾರ ಊಟಕ್ಕೆ ಬಿಡಲಿಲ್ಲ. ಎರಡಕ್ಕೂ ಅದೇ ಉತ್ತರ. ಆದರೆ ಈ ಸಲ ಅವಳು ಹೇಳುವಾಗ ಕಟ್ಟಿನ ಲೆಕ್ಕದಲ್ಲಿ ಹೇಳುತ್ತಿದ್ದಳು. ಇವೆಲ್ಲ ಸಣ್ಣ ಎಲೆ, ಹೋಗಲಿ. ತನ್ನ ಹತ್ತಿರ ಇರುವುದು ಒಂದೇ ತಡೆ.

ಶನಿವಾರ ಸಂಜೆ ಯಜಮಾನರು ಅವಳ ಮೇಜಿನ ಹತ್ತಿರ ಬಂದು ನಿಂತರು.

"ತಪ್ಪು ತಿಳ್ಕೋಬೇಡ ಪದ್ಮ. ನಾಳೆ ಒಂದಿನ ಬಂದ್ಬುಡು. ದೊಡ್ಡ ಪಾರ್ಟಿ, ಸೋಮವಾರಕ್ಕೇ ಬೇಕಂತೆ."

"ಇರಿ ಸಾರ್" ಎಂದಳು ಪದ್ಮಾವತಿ.

ಅವರು ಏನೋ ಕೆಲಸ ಮುಗಿಸಿ ಹೇಳುತ್ತಾಳೆ ಎಂದುಕೊಂಡು ಕಾದರು. ಅವಳು ಮುಗಿಸುವುದು ಏನೂ ಇರಲಿಲ್ಲ.

"ನಾಳೆ ಬರಲ್ಲ ಸಾರ್."

ಅವಳೇ ವಿವರಿಸಿದಳು. ಪ್ರೂಫ್ ಇವತ್ತೇ ನೋಡಿಕೊಟ್ಟು ಹೋಗುತ್ತಾಳೆ. ಪಾರ್ಟಿಯವರು ಏನಾದರೂ ಬದಲಾವಣೆ ಹೇಳಿದರೆ ಯಜಮಾನರೇ ಟೈಪ್ ಮಾಡಿಟ್ಟಿರಲಿ, ಸೋಮವಾರ ಏಳಕ್ಕೆ ಬಂದು ನೋಡುತ್ತಾಳೆ. ಭಾನುವಾರ ಮಾತ್ರ ಆಗುವುದಿಲ್ಲ. ವೃಷಭೇಂದ್ರಪ್ಪನವರ ಮುಖ ಕೆಂಪಗಾಯಿತು. ಸೋಮವಾರ ಬಾ, ಮಾತಾಡೋಣ ಎಂದು ಹೇಳಿ ಹೊರಟುಹೋದರು. ಆ ಮಾತಿನ ಅರ್ಥ ಇಡೀ ಮಂಡಿಗೇ ಗೊತ್ತು. ಬಸ್‌ಸ್ಟಾಪಿನವರೆಗೂ ಪದ್ಮಾವತಿಗೆ, ಹೆಸರಿನ ಆಸೆಗೆ ಅನ್ನಕ್ಕೇ ಕಲ್ಲು ಹಾಕಿಕೊಂಡೆನೇ ಎಂದು ಹೆದರಿಕೆಯಾಯಿತು.

ಭಾನುವಾರ ಕೊನೆಯ ಆಟಕ್ಕೆ ಎದುರು ಕೂತವರು ಮತ್ತೆ ಸಿದ್ದಲಿಂಗಸ್ವಾಮಿ ಮೇಷ್ಟ್ರೇ. ಹಕ್ಕಿ ಬೇಗ ಇಳಿಯಿತು, ಕುಕ್ಕತೊಡಗಿತು. ಮೇಷ್ಟ್ರು ಕಾಡುಹಂದಿ ಇಳಿಸಿದರು. ಪದ್ಮಾವತಿಯ ಕೈಯಲ್ಲಿ ಇದ್ದದ್ದು ಒಂದೇ ತಡೆ. ಯೋಚಿಸಿ 'ಇರ್ಲಿ' ಎಂದಳು. ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು, ಮತ್ತೆ ಬಾಯಿತಪ್ಪಿತು ಎಂದೇ ಎಲ್ಲರೂ ತಿಳಿದರು. ಹಂದಿ ಮೂರು ಮೂರರಂತೆ ಐದು ಸಲ ಗುದ್ದಿ ಅವಳ ಪ್ರಾಣವನ್ನು ಐದಕ್ಕೆ ಇಳಿಸಿತು. ಹಕ್ಕಿ ಮೇಷ್ಟ್ರನ್ನು ನಾಲ್ಕಕ್ಕೆ ತಂದಿತ್ತು. ಆಗ ಆನೆ ಬಂತು.

"ತಪ್ಪು ತಿಳ್ಕೋಬೇಡಿ ಪದ್ಮಕ್ಕ" ಎಂದರು ಮೇಷ್ಟ್ರು. ಮೋಸಕ್ಕಲ್ಲ, ಅವರ ಸ್ವಭಾವವೇ ಹಾಗೆ.

ಹಳೆಯ ಮಾತು ಗಂಟಲವರೆಗೆ ಬಂದದ್ದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಅಪ್ಪ ಮಂಡಿಯ ಅಂಗಡಿಯಲ್ಲಿ ತಲೆ ತಗ್ಗಿಸಿ ನಿಂತದ್ದೂ ನೆನಪಾಯಿತು. ಅವಳು ತಡೆ ಎಲೆಯನ್ನು ಮೇಜಿನ ಮೇಲಿಟ್ಟಳು.

"ತಪ್ಪು ತಿಳ್ಕೊಂಡಿಲ್ಲ ಮೇಷ್ಟ್ರೆ. ಇರಿ."

ಆನೆ ಕಸಕ್ಕೆ ಹೋಯಿತು. ಹಕ್ಕಿ ಕುಕ್ಕಿತು, ಮೇಷ್ಟ್ರಿಗೆ ಎರಡು ಉಳಿಯಿತು. ಮೇಷ್ಟ್ರು ಎಲೆ ಎಳೆದರು, ಬರೀ ಜಮೀನು. ಹಂದಿ ಗುದ್ದಿತು, ಅವಳಿಗೂ ಎರಡೇ ಉಳಿಯಿತು. ಹಕ್ಕಿ ಮತ್ತೆ ಕುಕ್ಕಿತು. ಮೇಷ್ಟ್ರು ಎದ್ದು ಎರಡೂ ಕೈಯಲ್ಲಿ ಅವಳ ಕೈ ಹಿಡಿದು, ಹೋದ ವರ್ಷದಿಂದ ಸರಿಯಾಗಿ ನಿದ್ದೆ ಬಂದಿರಲಿಲ್ಲ ಎಂದರು. ಮನೋಹರ್ ಅಲ್ಲೇ ಕಂಪ್ಯೂಟರಿನಲ್ಲಿ ಬೆಂಗಳೂರಿಗೆ ಹೆಸರು ಕಳಿಸಿ, ಬಂದ ಪ್ರವೇಶ ಪತ್ರವನ್ನು ಅಚ್ಚು ತೆಗೆದು ಕೊಟ್ಟರು. ಅವಳು ಅದನ್ನು ಅಕ್ಷರ ಅಕ್ಷರ ಬಿಡಿಸಿ ಓದಿದಳು. ತಪ್ಪಿರಲಿಲ್ಲ.

ಸೋಮವಾರ ಏಳಕ್ಕೆ ಅವಳು ಪ್ರೆಸ್ಸಿಗೆ ಹೋದಾಗ ಯಜಮಾನರು ಆಗಲೇ ಬಂದಿದ್ದರು. ಮಿಷನ್ ಶುರು ಮಾಡಲು ಮಿಷನ್ ಮ್ಯಾನ್ ಶಿವಮಲ್ಲಪ್ಪ ಗುಂಡಿಗೆ ಕೈ ಇಟ್ಟಿದ್ದ. ಪದ್ಮಾವತಿ ಹೋಗುತ್ತ ಹೋಗುತ್ತಲೇ ಮೇಲಿನ ಹಾಳೆ ನೋಡಿ "ಇರಿ" ಎಂದಳು. ಶಿವಮಲ್ಲಪ್ಪನ ಕೈ ನಿಂತಿತು.

ಪಾರ್ಟಿಯವರು ತಲೆಬರಹ ದೊಡ್ಡದು ಮಾಡಿ ಎಂದಿದ್ದರಂತೆ. ಯಜಮಾನರು ಭಾನುವಾರ ತಾವೇ ಕೂತು ಹೊಸದಾಗಿ ಟೈಪ್ ಮಾಡಿದ್ದರು. ಚಿನ್ನದ ಬಣ್ಣದಲ್ಲಿ ಒಂದೂವರೆ ಸಾವಿರ ಪತ್ರಿಕೆ ಅಚ್ಚಾಗಬೇಕಿತ್ತು, 'ಶುಭ ವಿವಾದ' ಎಂದು.

ವೃಷಭೇಂದ್ರಪ್ಪನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಬೈಯಲೆಂದು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

"ತಪ್ಪಾಯ್ತು ಕಣಮ್ಮ" ಎಂದರು.

ಮೂಗಯ್ಯನ ಮನೆಯವರಿಗೆ ಆ ಮನೆತನದವರು ಹಾಗೆ ಹೇಳಿದ್ದು ಅದೇ ಮೊದಲು. ಪದ್ಮಾವತಿ ಕುರ್ಚಿ ಎಳೆದುಕೊಂಡು ಕೂತು 'ದ' ತೆಗೆದು 'ಹ' ಹಾಕಿದಳು.

"ಇರ್ಲಿ ಬುಡಿ ಸಾರ್" ಎಂದಳು. ಆಮೇಲೆ ಬ್ಯಾಗಿನಿಂದ ಬೆಂಗಳೂರಿನ ಪತ್ರವನ್ನೂ ಎರಡು ದಿನದ ರಜೆ ಚೀಟಿಯನ್ನೂ ತೆಗೆದು ಮೇಜಿನ ಮೇಲಿಟ್ಟಳು. ಯಜಮಾನರು ಪತ್ರ ಕೈಗೆತ್ತಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಶಿವಮಲ್ಲಪ್ಪನಿಗೂ ಗಿರಿಜಾಂಬಾಗೂ ಕೇಳುವಂತೆ ಗಟ್ಟಿಯಾಗಿ ಓದಿದರು: "ಪದ್ಮಾವತಿ ಮೂಗಯ್ಯ, ಮೈಸೂರು."